ಲಿಂಗದ ಮುಂದೆ ಆಡಿದ ಮಾತು

ಆ ಭಾನುವಾರ ಮುಂಜಾನೆ ಆರೂವರೆಯ ಸುಮಾರಿಗೆ ನಾನು ಬರೆಯುತ್ತಿದ್ದ ವಾಕ್ಯ ಇದು: ಕಲ್ಪನೆ ಎಂದರೆ ಸುಳ್ಳಲ್ಲ, ಕಣ್ಣೆದುರಿಗೆ ಇಲ್ಲದ್ದನ್ನು ಇದ್ದ ಹಾಗೆ ಕಾಣುವ ಮನಸ್ಸಿನ ಶಕ್ತಿ. ಪೂರ್ಣವಿರಾಮ ಹಾಕಿದೆ. ಇಷ್ಟು ಸಾಲದು ಅನ್ನಿಸಿ ಅದನ್ನು ಅಲ್ಪವಿರಾಮ ಮಾಡಿದೆ. ಅಷ್ಟರಲ್ಲಿ ಹೆಂಡತಿ ದೇವರ ಕೋಣೆಯಿಂದ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು.

"ಕೈ ಜೋಮು ಹಿಡದದ್ರಿ. ಲಿಂಗಕ್ಕ ವಿಭೂತಿ ಹಚ್ಚಾಕ ಬರವಲ್ದು."

ನಾನು ಕಾಗದದಿಂದ ತಲೆ ಎತ್ತಲಿಲ್ಲ. "ಕೈ ಮ್ಯಾಲೆ ಮಕ್ಕೊಂಡಿರ್ತಿ. ಜಾಡಿಸು, ಹೋಗ್ತದ," ಅಂದೆ.

ಆಕೆ ಇನ್ನೂ ಒಂದು ಕ್ಷಣ ನಿಂತಿದ್ದಳು ಅನ್ನಿಸುತ್ತದೆ. ನೋಡಿದ್ದರೆ ತಾನೆ ಖಾತ್ರಿ ಹೇಳುವುದು. ಆಮೇಲೆ ಒಳಗೆ ಹೋದಳು. ನಾನು ಅಲ್ಪವಿರಾಮದ ಮುಂದಕ್ಕೆ ಬರೆಯತೊಡಗಿದೆ.

ನಾನು ತತ್ವಶಾಸ್ತ್ರದ ಮೇಷ್ಟ್ರು. ಹದಿನಾರು ವರ್ಷ ಅಫಜಲಪುರದಲ್ಲಿ ಪಾಠ ಮಾಡಿ, ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿ ಇದ್ದೇನೆ. ತತ್ವಶಾಸ್ತ್ರವೇ ಬೇಕು ಎಂದು ಬಂದ ವಿದ್ಯಾರ್ಥಿಯನ್ನು ನಾನು ಇನ್ನೂ ನೋಡಿಲ್ಲ. ಬೇರೆ ಕಡೆ ಸೀಟು ಸಿಗದೆ ಬಂದವರನ್ನು ನೋಡಿದ್ದೇನೆ, ಅವರೆಲ್ಲ ಒಳ್ಳೆಯವರು, ನಿದ್ದೆ ಬಂದರೂ ಕಣ್ಣು ತೆರೆದೇ ಇಡುತ್ತಾರೆ. ದೂರಶಿಕ್ಷಣದ ವಿದ್ಯಾರ್ಥಿಗಳಿಗಾಗಿ ಒಂದು ಪಾಠ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ವಿಷಯ: ನಿಸರ್ಗ, ಕಲೆ ಮತ್ತು ಕಲ್ಪನೆಯ ಬಗ್ಗೆ ಯುರೋಪಿನ ದಾರ್ಶನಿಕರ ವಿಚಾರ. ಜರ್ಮನಿ, ಫ್ರಾನ್ಸಿನವರು ಇನ್ನೂರು ಮುನ್ನೂರು ವರ್ಷ ಜಗ್ಗಾಡಿದ್ದನ್ನು ನಾನು ನಲವತ್ತು ಪುಟದಲ್ಲಿ ಮುಗಿಸಬೇಕಿತ್ತು.

ಕಲ್ಪನೆಯ ಬಗ್ಗೆ ಬರೆಯಲು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಹುಡುಕಿದರೂ ನನಗಿಂತ ಯೋಗ್ಯ ಮನುಷ್ಯ ಸಿಗಲಿಕ್ಕಿಲ್ಲ. ಯಾಕೆಂದರೆ ನಾನು ಹುಟ್ಟಾ ಚಿಂತೆಗಾರ. ಎದುರಿಗೆ ಇಲ್ಲದ್ದನ್ನು ಇದ್ದ ಹಾಗೆ ಕಾಣುವುದಕ್ಕೆ ನನಗೆ ಯಾವ ದಾರ್ಶನಿಕನ ಸಹಾಯವೂ ಬೇಡ. ಬಸ್ಸು ಹತ್ತು ನಿಮಿಷ ತಡವಾದರೆ ಸಾಕು. ಇಂಥದ್ದಕ್ಕೆ ನಮ್ಮ ಕಡೆ ಕಲ್ಪನಾಶಕ್ತಿ ಅನ್ನುವುದಿಲ್ಲ, ಇಲ್ಲದ್ದು ತಲಿಗಿ ಹಚ್ಚಿಕೊಳ್ಳೂದು ಅನ್ನುತ್ತಾರೆ.

ಅಫಜಲಪುರದಲ್ಲಿದ್ದಾಗ ಒಮ್ಮೆ ಹೆಂಡತಿ ತನ್ನ ಶಾಲೆಯ ಟೀಚರುಗಳ ಜೊತೆ ಘತ್ತರಗಿಗೆ ಹೋಗಿದ್ದಳು. ಆಕೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಭೀಮಾ ನದಿ ತುಂಬಿತ್ತು. ಮಧ್ಯಾಹ್ನ ಎರಡಕ್ಕೆ ಫೋನು ಹತ್ತಲಿಲ್ಲ. ಎರಡೂವರೆಗೆ ನಾನು ದೋಣಿಯೊಂದನ್ನು ಮುಳುಗಿಸಿದ್ದೆ. ಮೂರಕ್ಕೆ ಪೇಪರಿಗೆ ಆಕೆಯ ಯಾವ ಫೋಟೋ ಕೊಡಬೇಕು ಅನ್ನುವುದೂ ತೀರ್ಮಾನವಾಗಿತ್ತು, ಆಕೆಯ ಅಣ್ಣನ ಮದುವೆಯದು. ಮೋಟಾರ್‌ಸೈಕಲ್ ಹತ್ತಿ ಘತ್ತರಗಿ ಮುಟ್ಟಿದಾಗ ಭಾಗ್ಯವಂತಿ ಗುಡಿಯ ಹತ್ತಿರ ನೆರಳಿನಲ್ಲಿ ಎಲ್ಲರೂ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ನನ್ನ ಮುಖ ನೋಡಿ ಒಬ್ಬ ಟೀಚರಮ್ಮ ಅಂದರು, "ಸರ, ಅಂಜಬ್ಯಾಡ್ರಿ. ನಾವು ಹೊಳಿಗಿ ಇಳದಿಲ್ರಿ, ಹೋಳಿಗಿ ಉಣ್ಣಾಕತ್ತೇವಿ." ಆ ಮಾತು ಒಂದು ವರ್ಷ ಆ ಶಾಲೆಯ ಸ್ಟಾಫ್ ರೂಮಿನಲ್ಲಿ ಓಡಾಡಿತು.

ಜೇವರ್ಗಿಗೆ ಬಂದ ಮೇಲೆ ಇನ್ನೊಂದು. ಆಕೆಗೆ ಎದೆ ಉರಿ ಬಂದದ್ದನ್ನು ಹೃದಯಾಘಾತ ಎಂದು ತಿಳಿದು ಬಾಡಿಗೆ ಕಾರಿನಲ್ಲಿ ಕಲಬುರಗಿಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, "ರಾತ್ರಿ ಏನು ಉಂಡಿದ್ರಿ?" ಅಂತ ಕೇಳಿದರು. ಮಿರ್ಚಿ ಭಜಿ ಉಂಡಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅಂದಳು: "ಇನ್ನ ಮ್ಯಾಲೆ ನನ್ನ ವಿಷಯದಾಗ ನಿಮ್ಮ ಕಲ್ಪನಾ ಬಂದ್. ನನಗ ಏನರೆ ಆದ್ರ ನಾನೇ ಹೇಳ್ತೇನಿ. ಹೇಳೂತನಕ ಸುಮ್ಮ ಕೂಡ್ರಿ."

ನಾನು ಒಪ್ಪಿಕೊಂಡೆ. ಅಂದರೆ ಹೇಳುವುದು ಆಕೆಯ ಕೆಲಸ, ಸುಮ್ಮನೆ ಕೂಡುವುದು ನನ್ನದು. ಆ ಭಾನುವಾರ ಆಕೆ ತನ್ನ ಕೆಲಸ ಮಾಡಿದಳು. ನಾನು ನನ್ನದು ಮಾಡಿದೆ.

ಕೈ ಜಾಡಿಸಿದರೂ ಹೋಗದ್ದಕ್ಕೆ ಆಕೆ ಮಲಗಿರಬೇಕು. ಮನೆ ಶಾಂತವಾಗಿತ್ತು. ಇಡೀ ಜೀವನದಲ್ಲಿ ನಾನು ಅಷ್ಟು ಸರಾಗವಾಗಿ ಬರೆದಿರಲಿಲ್ಲ. ನಾಲ್ಕೂವರೆ ತಾಸಿನಲ್ಲಿ ಏಳು ಪುಟ, ಒಂದು ಶಬ್ದ ಹೊಡೆದುಹಾಕಿಲ್ಲ, ಒಂದು ತಿದ್ದುಪಡಿಯಿಲ್ಲ. ನಡುವೆ ಒಮ್ಮೆ ಒಳಗೆ ಲೋಟ ಬಿದ್ದ ಸಪ್ಪಳ ಕೇಳಿಸಿತು. ಬೆಕ್ಕು ಇರಬೇಕು ಅಂದುಕೊಂಡೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಹನ್ನೊಂದಕ್ಕೆ ಪಕ್ಕದ ಮನೆಯ ಖಾಲಾ ನಮ್ಮ ಡಬ್ಬಿ ತಿರುಗಿ ಕೊಡಲು ಬಂದರು. ವಯಸ್ಸಾದ ಹೆಂಗಸು, ನಮ್ಮ ಜೊತೆ ಕನ್ನಡ, ಗಾಬರಿಯಾದರೆ ಉರ್ದು. ಸೀದಾ ಒಳಗೆ ಹೋದವರು ಒಳಗಿನಿಂದಲೇ ಕೂಗಿದರು. "ಮಾಸ್ತರ್, ಇಧರ್ ಆವ್. ಅಕ್ಕನ ಬಾಯಿ ಸೊಟ್ಟ ಆಗ್ಯದ."

ಹೆಂಡತಿ ಮಂಚದ ಅಂಚಿನಲ್ಲಿ ಕೂತಿದ್ದಳು. ತುಟಿಯ ಬಲಗಡೆ ಕೆಳಗೆ ಜಾರಿತ್ತು. ನೆಲದ ಮೇಲೆ ಚಹಾ ಚೆಲ್ಲಿತ್ತು, ಪಕ್ಕದಲ್ಲಿ ಲೋಟ. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಬರೀ ಗಾಳಿ ಬಂತು.

"ಘರ್ ಮೇ ಬೈಠ್ಕೊ ಕ್ಯಾ ಕರ್ರಯೆ ಥೆ ಮಾಸ್ತರ್?" ಅಂದರು ಖಾಲಾ. ಮನೆಯೊಳಗೇ ಕೂತು ಏನು ಮಾಡುತ್ತಿದ್ದೆ ಅಂತ. ಬೈಗುಳವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನನ್ನ ಕೈಯಲ್ಲಿ ಇನ್ನೂ ಪೆನ್ನಿತ್ತು.

ಬಾಡಿಗೆ ಕಾರು ಅದೇ, ಡ್ರೈವರ್ ಅವನೇ. ಹಿಂದಿನ ಸಲದ ಮಿರ್ಚಿ ಭಜಿಯ ಸಂಗತಿ ಅವನಿಗೂ ಗೊತ್ತಿತ್ತು, ಆದರೆ ಈ ಸಲ ಅವನು ನಗಲಿಲ್ಲ. ಕಿಟಕಿಯೊಳಗೆ ತಲೆ ಹಾಕಿ ಖಾಲಾ ಅಂದರು, "ಖ್ಯಾಲ್ ರಖೋ, ಮಾಸ್ತರ್." ಜಾಗ್ರತೆಯಿಂದ ನೋಡಿಕೋ ಎಂದು.

ಈಗ ಹೇಳುವ ಮಾತು ಹೇಳಿಕೊಳ್ಳುವಂಥದ್ದಲ್ಲ. ಮೂರು ವಾರದಿಂದ ನಾನು ಕಲ್ಪನೆ ಅನ್ನುವ ಪದದ ಮೇಲೆ ಸಿಟ್ಟಾಗಿದ್ದೆ, ಅದಕ್ಕೆ ಯಾವಾಗಲೂ ಕಟ್ಟುಕತೆಯ ವಾಸನೆ. ಬೇರೊಂದು ಪದ ಹುಡುಕುತ್ತಿದ್ದೆ. ಖಾಲಾನ ಬಾಯಲ್ಲಿ ಅದು ಸಿಕ್ಕಿತು. ಖ್ಯಾಲ ಅಂದರೆ ಯೋಚನೆ, ಮನಸ್ಸಿಗೆ ಬಂದದ್ದು, ನೆನಪು. ನಮ್ಮ ಮಂದಿಯೂ ಮರೆತರೆ "ಖ್ಯಾಲೇ ಇರಲಿಲ್ಲ ನೋಡ್ರಿ" ಅನ್ನುತ್ತಾರೆ. ಅದೇ ಪದಕ್ಕೆ ಕಾಳಜಿ ಅಂತಲೂ ಅರ್ಥ. ಇಲ್ಲದ್ದನ್ನು ಕಾಣುವುದು, ಇದ್ದದ್ದನ್ನು ನೋಡಿಕೊಳ್ಳುವುದು, ಎರಡಕ್ಕೂ ಒಂದೇ ಮಾತು. ಹೆಂಡತಿಯ ತಲೆ ನನ್ನ ತೊಡೆಯ ಮೇಲಿತ್ತು, ನನ್ನ ಬಲಗೈ ಜೇಬಿನಲ್ಲಿ ಪೆನ್ನು ತಡಕಾಡಿತು. ಆ ಕೈಗೆ ಇವತ್ತಿಗೂ ಏನೂ ಆಗಿಲ್ಲ, ಚಲೋ ಇದೆ.

ಜೇವರ್ಗಿಯಿಂದ ಕಲಬುರಗಿಗೆ ಹೋಗಬೇಕಾದರೆ ಭೀಮೆಯ ಸೇತುವೆ ದಾಟಬೇಕು. ಪ್ರತಿ ವರ್ಷ ಪಾಠದಲ್ಲಿ ಈ ಸೇತುವೆ ನನ್ನ ಉದಾಹರಣೆ. ಮಹಾಪೂರ ಬಂದಾಗ ಜನ ಇಲ್ಲಿ ನಿಂತು ನೋಡುತ್ತಾರೆ, ಭಯವಾಗುತ್ತದೆ, ಆದರೂ ನೋಡಬೇಕು ಅನ್ನಿಸುತ್ತದೆ. ಯಾಕೆ? ನಿಂತ ಜಾಗ ಗಟ್ಟಿ ಇರುವುದರಿಂದ. ನಿಸರ್ಗದ ಭಯಂಕರ ರೂಪ ಕಾಲ ಕೆಳಗಿನ ನೆಲ ಭದ್ರವಿದ್ದವರಿಗೆ ಮಾತ್ರ ಭವ್ಯವಾಗಿ ಕಾಣುತ್ತದೆ ಎಂದು ಆ ಯುರೋಪಿನ ದಾರ್ಶನಿಕರು ಹೇಳುತ್ತಾರೆ, ನಾನು ಅದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಆ ದಿನ ನದಿಯಲ್ಲಿ ನೀರೇ ಇರಲಿಲ್ಲ. ಕಲ್ಲು, ಮರಳು, ನಾಲ್ಕು ಎಮ್ಮೆ. ಅಷ್ಟು ಭಯಂಕರವಾದ ನದಿಯನ್ನು ನಾನು ಯಾವತ್ತೂ ನೋಡಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು. "ಯಾವಾಗ ಶುರು ಆತು?"

"ಆರೂವರಿಗಿ," ಅಂದೆ.

ಅವರು ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂಕಾಲು ದಾಟಿತ್ತು. "ನಾಕ ತಾಸಿನೊಳಗ ಬಂದಿದ್ರ ಒಂದು ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು. ಕೈ ಉಳಿಯೂ ಚಾನ್ಸ್ ಇತ್ತು. ಮುಂಜಾನಿನೇ ಗೊತ್ತಾಗಿತ್ತಂದ್ರ ಯಾಕ ತಡ ಮಾಡಿದ್ರಿ?"

"ದಾರಿ ದೂರ ಆತ್ರಿ ಮೇಡಂ," ಅಂದೆ. ಜೇವರ್ಗಿಯಿಂದ ಅಲ್ಲಿಗೆ ಒಂದು ತಾಸಿನ ದಾರಿ. ಅವರು ಕಾಗದದ ಮೇಲೆ ಬರೆದುಕೊಂಡರು.

ಲಕ್ವಾ. ಬಲಗಾಲಿಗೆ ಸ್ವಲ್ಪ, ಬಲಗೈಗೆ ಪೂರಾ. ಕಾಲು ಒಂದು ತಿಂಗಳಲ್ಲಿ ಎಳೆದುಕೊಂಡು ನಡೆಯುವಷ್ಟಾಯಿತು. ಮಾತು ಮೂರನೇ ವಾರಕ್ಕೆ ಬಂತು, ನಾಲಿಗೆ ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ತಡವರಿಸುತ್ತ. ಮಾತು ಬಂದ ಮೇಲೆ ಆಕೆ ಪೂರಾ ಆಡಿದ ಮೊದಲ ಮಾತೇ ಇದು. ಆಳಂದದ ಕಡೆಯಿಂದ ಆಕೆಯ ಅಣ್ಣ, ಅತ್ತಿಗೆ ಬಂದು ಎದುರಿಗೆ ಕೂತಿದ್ದರು.

"ತಪ್ಪು ನಂದೇ," ಅಂದಳು. "ಕೈ ಜೋಮು ಹಿಡದದ ಅಂತ ಲಿಂಗದ ಮುಂದ ಅಂದ್ನಿ. ಇವರ ಮುಂದ ಅನ್ನಬೇಕಿತ್ತು. ಬರ್ಯಾಕತ್ತಿದ್ರು, ಸುಮ್ಮನಾದ್ನಿ."

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆ ಮುಂಜಾನೆ ಆಕೆಯ ನೆನಪಿನಲ್ಲಿ ಒದ್ದೆಯಾದ ಚಿತ್ರದ ಹಾಗೆ ಕಲೆಸಿಹೋಗಿತ್ತು. ಲಿಂಗ ನೆನಪಿತ್ತು, ವಿಭೂತಿ ನೆನಪಿತ್ತು, ಮಾತು ನೆನಪಿತ್ತು. ಬಾಗಿಲ ಚೌಕಟ್ಟು ಅಳಿಸಿಹೋಗಿತ್ತು, ನಾನು ಅಳಿಸಿಹೋಗಿದ್ದೆ. ಎಲ್ಲರೂ ನನ್ನ ಕಡೆ ನೋಡಿದರು. ಆಗ ಹೇಳಿಬಿಡಬೇಕಿತ್ತು. ಎರಡೇ ಎರಡು ಶಬ್ದ, ನನಗೇ ಹೇಳಿದ್ದಳು ಅಂತ.

"ಇರಲಿ ಬಿಡು," ಅಂದೆ. "ಆದದ್ದಾತು."

ಅಂದರೆ ನಾನು ಆಕೆಯನ್ನು ಕ್ಷಮಿಸಿದೆ. ಅಣ್ಣನ ಕಣ್ಣಲ್ಲಿ ನೀರು ಬಂತು. ನಮ್ಮ ತಂಗಿಗೆ ಎಂಥ ಗಂಡ ಸಿಕ್ಕಿದ್ದಾನೆ ಅನ್ನುವ ಹಾಗೆ ನನ್ನ ಭುಜ ಹಿಡಿದ.

ನಾಳೆ ಹೇಳಿದರಾಯಿತು ಅಂದುಕೊಂಡೆ. ಈಗ ಹೇಳಿದರೆ ಆಕೆಯ ಬಿ.ಪಿ. ಏರುತ್ತದೆ ಅಂದುಕೊಂಡೆ. ಚಿಂತೆಗಾರನಿಗೆ ಕಾರಣಗಳ ಬರವಿಲ್ಲ. ಬರಬರುತ್ತ ಇನ್ನೂ ದೊಡ್ಡ ಕಾರಣ ಸಿಕ್ಕಿತು: ನೆನಪೂ ಕಲ್ಪನೆಯೂ ಒಂದೇ ಬಳ್ಳಿಯ ಕಾಯಿ ಎಂದು ಹೇಳಿದವರಿದ್ದಾರೆ. ಹಾಗಾದರೆ ಆಕೆಯ ನೆನಪನ್ನು ತಪ್ಪು ಅನ್ನಲು ನಾನು ಯಾರು? ಇದನ್ನು ನಾನು ಒಂದು ವಾರ ನಂಬಿದೆ.

ಆ ದಿನಗಳಲ್ಲಿ ಆಕೆಯ ಪೂಜೆ ಬದಲಾಯಿತು. ಮೊದಲು ಆಕೆಯ ಲಿಂಗಪೂಜೆ ಎಂದರೆ ಎರಡು ನಿಮಿಷ, ಆ ಎರಡು ನಿಮಿಷದಲ್ಲೂ ಒಳಗಿನಿಂದ, "ಹಾಲು ಉಕ್ಕತದ ನೋಡ್ರಿ," ಅನ್ನುವ ಕೂಗು. ಈಗ ಸ್ನಾನ ಮಾಡಿಸಿದ ಮೇಲೆ ಗೋಡೆಗೆ ಒರಗಿ ಕೂಡುತ್ತಿದ್ದಳು. ಕೊರಳಿನ ಲಿಂಗವಸ್ತ್ರದ ಗಂಟನ್ನು ಹಲ್ಲಿನಲ್ಲಿ ಹಿಡಿದು ಎಡಗೈಯಿಂದ ಬಿಡಿಸಿ, ಲಿಂಗವನ್ನು ಅದೇ ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಲಿಂಗ ಇರಬೇಕಾದದ್ದೇ ಎಡ ಅಂಗೈಯಲ್ಲಿ, ಅದು ಸರಿಯಾಗಿಯೇ ಇತ್ತು. ಆದರೆ ನೀರು ಹಾಕುವ, ವಿಭೂತಿ ಹಚ್ಚುವ, ಪತ್ರಿ ಏರಿಸುವ ಕೈ ತೊಡೆಯ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು. ನಾನು ಹಚ್ಚಲೇನು ಅಂದೆ ಒಮ್ಮೆ. ಅವರವರ ಲಿಂಗ ಅವರವರದು, ಬೇರೆಯವರು ಮುಟ್ಟಬಾರದು ಅಂದಳು. ಹೀಗಾಗಿ ಬರೀ ನೋಡುತ್ತ ಕೂಡುತ್ತಿದ್ದಳು. ಅರ್ಧ ತಾಸು. ಒಮ್ಮೊಮ್ಮೆ ಮುಕ್ಕಾಲು ತಾಸು. ರೆಪ್ಪೆ ಬಡಿಯದೆ.

ಬಾಗಿಲಾಚೆ ನಿಂತು ನಾನು ಅದನ್ನು ನೋಡುತ್ತಿದ್ದೆ. ನೋಡಿ, ಬರೆದೆ.

ಚೆಲುವನ್ನು ನೋಡುವ ಕಣ್ಣು ಏನನ್ನೂ ಬಯಸಬಾರದು ಎನ್ನುವ ವಿಚಾರ ಆ ಪಾಠದ ನಡುಗಂಬ. ಮಾವಿನ ಹಣ್ಣನ್ನು ತಿನ್ನಬೇಕೆಂದು ನೋಡುವವನಿಗೆ ಅದರ ಬಣ್ಣ ಕಾಣುವುದಿಲ್ಲ, ಹೊಲವನ್ನು ಕೊಳ್ಳಬೇಕೆಂದು ನೋಡುವವನಿಗೆ ಹೊಲದ ಹಸಿರು ಕಾಣುವುದಿಲ್ಲ, ಹೀಗೆ. ಬೇಡದ ನೋಟ ಎಂದು ನಾನು ಅದಕ್ಕೆ ಹೆಸರಿಟ್ಟಿದ್ದೆ. ಉದಾಹರಣೆ ಮಾತ್ರ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಪೂಜಿಸುವ ಕೈ ಹೋದ ಮೇಲೂ ಅಂಗೈಯ ಲಿಂಗವನ್ನು ಏನೂ ಬೇಡದೆ ನೋಡುತ್ತ ಕೂಡುವ ಒಬ್ಬ ಗೃಹಿಣಿಯ ಬಗ್ಗೆ ಒಂದು ಪ್ಯಾರಾ ಬರೆದೆ. ದೂರಶಿಕ್ಷಣದವರ ಪರವಾಗಿ ಪಾಠ ತಿದ್ದಿದವರು ಫೋನು ಮಾಡಿ, "ಸರ, ಆ ಗೃಹಿಣಿ ಪ್ಯಾರಾ ಓದಿ ಮೈ ಜುಮ್ಮಂತ್ರಿ," ಅಂದರು. ನನಗೆ ಖುಷಿಯಾಯಿತು. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ನನ್ನ ನೋಟ ಮಾತ್ರ ಪೂರಾ ಬೇಡುವ ನೋಟ. ಕೈಯ ಕಸುವು ಎಷ್ಟು ತಿರುಗಿ ಬರುತ್ತದೋ ಅಷ್ಟು ಬಹುತೇಕ ಮೊದಲ ಆರು ತಿಂಗಳಲ್ಲಿ ಬರುತ್ತದೆ, ಆಮೇಲೆ ಭಾಳ ನಿಧಾನ ಎಂದು ಡಾಕ್ಟರಮ್ಮ ಹೇಳಿದ್ದರು. ಆಕೆಯ ಬಲಗೈ ಬೆರಳುಗಳನ್ನು ನಾನು ಮುಂಜಾನೆ ನೋಡುತ್ತಿದ್ದೆ, ಕಾಲೇಜಿನಿಂದ ಬಂದು ನೋಡುತ್ತಿದ್ದೆ, ರೊಟ್ಟಿ ಮುರಿದು ಆಕೆಗೆ ಉಣ್ಣಿಸುತ್ತ ನೋಡುತ್ತಿದ್ದೆ. ವ್ಯಾಯಾಮ ಮಾಡಿಸುವವರು ಕೊಟ್ಟ ರಬ್ಬರ್ ಚೆಂಡನ್ನು ಆ ಕೈಯಲ್ಲಿ ಇಟ್ಟರೆ ಉರುಳಿ ಬೀಳುತ್ತಿತ್ತು. ಎತ್ತಿ ಇಡುತ್ತಿದ್ದೆ. ಬೀಳುತ್ತಿತ್ತು. ಒಂದು ದಿನ ನಲವತ್ತು ಸಲ ಆದ ಮೇಲೆ ಆಕೆ ಅಂದಳು:

"ಹಂಗ ನೋಡಬ್ಯಾಡ್ರಿ ಅದನ್ನ."

"ಹೆಂಗ ನೋಡಾಕತ್ತೇನಿ?"

"ವಸೂಲಿಗಿ ಬಂದವರಂಗ. ನೀವ್ ನೋಡಿದ್ರ ಅದು ಅಂಜತದ."

ಐದನೇ ತಿಂಗಳು ಮುಗಿಯುತ್ತ ಬಂದಾಗ ಮಣ್ಣೆತ್ತಿನ ಅಮವಾಸ್ಯೆ ಹತ್ತಿರವಾಯಿತು. ಆ ದಿನ ನಮ್ಮ ಕಡೆ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಹೆಚ್ಚಿನವರು ಈಗ ಕುಂಬಾರರು ತಂದುಕೊಟ್ಟದ್ದನ್ನು ಇಡುತ್ತಾರೆ. ಈಕೆ ಮಾತ್ರ ತಾನೇ ಮಾಡಬೇಕು, ಅದೂ ತವರಿನ ಹೊಲದ ಕರಿ ಎರಿಮಣ್ಣೇ ಆಗಬೇಕು. ತವರು ಆಳಂದ ತಾಲೂಕಿನಲ್ಲಿ, ಜಿಡಗಾದ ಹತ್ತಿರ. ಎತ್ತು ಮಾಡುವಾಗ ಆಕೆ ಎತ್ತಿನ ಚಿತ್ರ ನೋಡುತ್ತಿರಲಿಲ್ಲ, ಎತ್ತನ್ನೂ ನೋಡುತ್ತಿರಲಿಲ್ಲ. ಬೆರಳುಗಳು ತಾವೇ ಹೆಗಲ ಮೇಲೆ ಡುಬ್ಬ ತೆಗೆದು, ಕೋಡು ಎಳೆದು, ಕೊನೆಗೆ ಜೋಳದ ಕಾಳಿನಿಂದ ಕಣ್ಣು ಇಡುತ್ತಿದ್ದವು. ಕಣ್ಣಿಟ್ಟ ಕೂಡಲೇ ಅದು ನಮ್ಮನ್ನು ನೋಡುತ್ತಿತ್ತು. ಕಲೆ ಎಂದರೇನು ಎಂದು ಇಪ್ಪತ್ತೈದು ವರ್ಷ ಪಾಠ ಮಾಡಿದ ನಾನು ಪಕ್ಕದಲ್ಲೇ ಪೇಪರ್ ಓದುತ್ತ ಕೂಡುತ್ತಿದ್ದೆ.

ಈ ಸಲ ಮಣ್ಣು ತರುತ್ತೇನೆ ಅಂದೆ. ರಬ್ಬರ್ ಚೆಂಡಿಗೆ ಬಗ್ಗದ ಕೈ ಮಣ್ಣಿಗೆ ಬಗ್ಗಬಹುದು ಎನ್ನುವುದು ನನ್ನ ಆಸೆ. ಆಕೆ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

ತವರಿನಲ್ಲಿ ಆಕೆಯ ಅತ್ತಿಗೆ ಚೀಲಕ್ಕೆ ಮಣ್ಣು ತುಂಬುತ್ತ ಮಾತಿಗೆ ಕೂತರು.

"ಒಂದ ಮಾತು ಬಾಯಿ ಬಿಟ್ಟು ಅಂದಿದ್ರ ಕೈ ಉಳೀತಿತ್ತಲ್ರಿ ಅಣ್ಣಾರ. ಸಣ್ಣಾಕಿ ಇದ್ದಾಗಿಂದ ಹಂಗೇ, ಎಲ್ಲಾ ಒಳಗೇ ನುಂಗತಾಳ. ಈಗ ನಮ್ಮ ಓಣ್ಯಾಗಿನ ಹೆಣ್ಣಮಕ್ಕಳಿಗಿ ನಾ ಹೇಳ್ತೇನಿ: ಮೈಯಾಗ ಏನರೆ ಆದ್ರ ಮೊದಲ ಗಂಡನ ಮುಂದ ಹೇಳ್ರಿ ಬೇ, ನಮ್ಮ ನಾದಿನಿಗತೆ ದೇವರ ಮುಂದ ಹೇಳಿ ಸುಮ್ಮ ಕುಂದರಬ್ಯಾಡ್ರಿ ಅಂತ."

"ಹಂಗೇನ್ ಇಲ್ರಿ," ಅಂದೆ.

"ನೀವು ದೊಡ್ಡ ಮನಸ್ಸಿನವರು, ಅದಕ ಹಂಗ ಅಂತೀರಿ," ಅಂದರು.

ಅಂದರೆ ಇಡೀ ಓಣಿಗೆ ಆಕೆ ಪಾಠವಾಗಿದ್ದಳು. ನನ್ನ ಪಾಠದಲ್ಲಿ ಒಂದು ಉದಾಹರಣೆ, ತವರಿನ ಓಣಿಯಲ್ಲಿ ಇನ್ನೊಂದು. ಎರಡಕ್ಕೂ ನಾನೇ ಲೇಖಕ. ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಒದ್ದು ನೋಡಿದ. "ಏನದ ಸರ ಇದ್ರಾಗ?"

"ಮಣ್ಣು."

"ಎಲ್ಲಿತನಕ?"

"ಜೇವರ್ಗಿ."

"ಯಾಕ್ರಿ, ಜೇವರ್ಗ್ಯಾಗ ಮಣ್ಣು ಮುಗದದೇನು?"

ಬಸ್ಸಿನ ಮಂದಿ ನಕ್ಕರು. ನಾನೂ ನಕ್ಕೆ. ಭೀಮೆಯ ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡೆ.

ಅಮವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಕೂತೆವು. ಮಣ್ಣು ನಾನು ಕಲಸಿದೆ. ಆಕೆಯ ಬಲಗೈಯನ್ನು ಎತ್ತಿ ಹಸಿ ಮುದ್ದೆಯ ಮೇಲೆ ಇಟ್ಟೆ. ಕೈ ಅಲ್ಲೇ ಇತ್ತು, ಬೀಳಲಿಲ್ಲ, ಒತ್ತಲೂ ಇಲ್ಲ. ನಾನು ಬೇರೆ ಕಡೆ ನೋಡಿದೆ, ಅಂಜದಿರಲಿ ಎಂದು. ಆಮೇಲೆ ನೋಡಿದೆ. ಹಾಗೆಯೇ ಇತ್ತು.

"ತಗೀರಿ ಅದನ್ನ," ಅಂದಳು. "ಈ ಸಲ ನೀವ್ ಮಾಡ್ರಿ ಎತ್ತು. ನಾ ಹೇಳ್ತೇನಿ."

ಮಾಡಿದೆ. ನಾಲ್ಕು ಕಾಲು, ಒಂದು ತಲೆ, ಎರಡು ಕೋಡು. ಲೆಕ್ಕ ಸರಿ ಇತ್ತು.

"ಇದು ಹಂದಿ," ಅಂದಳು.

"ಎತ್ತು ಅಂತ ಅಂದ್ಕೊಂಡು ನೋಡು."

"ಅಂದ್ಕೊಳ್ಳೂದು ನಿಮ್ಮ ಪಾಠದಾಗ ಮಾಡ್ರಿ. ಡುಬ್ಬ ಎಲ್ಲದ ಇದಕ? ನೊಗ ಎಲ್ಲಿ ಇಡತೀರಿ?" ಎಡಗೈಯ ಹೆಬ್ಬೆರಳಿನಿಂದ ಹಂದಿಯ ಹೆಗಲ ಮೇಲೆ ಮಣ್ಣು ದೂಡಿದಳು. ನಿಜಕ್ಕೂ ಡುಬ್ಬ ಎದ್ದಿತು. ಐದು ತಿಂಗಳಲ್ಲಿ ಮೊದಲ ಸಲ ಆಕೆ ನಕ್ಕಳು, ಅರ್ಧ ಬಾಯಿಯಲ್ಲಿ. "ಅವತ್ತ ನಾ ಬಾಯಿ ಬಿಟ್ಟು ಹೇಳಿದ್ರ ಇಂಥಾ ಎತ್ತು ನೋಡೂ ಪಾಳಿ ಬರ್ತಿರಲಿಲ್ಲ ನಿಮಗ."

"ನೀ ಹೇಳಿದ್ದಿ," ಅಂದೆ.

"ಏನು?"

"ಲಿಂಗದ ಮುಂದ ಅಲ್ಲ. ನನ್ನ ಮುಂದ ಹೇಳಿದ್ದಿ. ಅಲ್ಲಿ ಬಾಗಿಲಕ್ಕ ನಿಂತಿದ್ದಿ. ಕೈ ಜೋಮು ಹಿಡದದ ಅಂದಿ. ನಾ ಬರ್ಯಾಕತ್ತಿದ್ದೆ. ಜಾಡಿಸು, ಹೋಗ್ತದ ಅಂದೆ."

ಆಕೆಯ ಹೆಬ್ಬೆರಳು ಡುಬ್ಬದ ಮೇಲೇ ನಿಂತಿತು. ಬಾಗಿಲ ಚೌಕಟ್ಟಿನ ಕಡೆ ನೋಡಿದಳು, ಅಲ್ಲಿ ಯಾರಾದರೂ ನಿಂತಿದ್ದಾರೇನೋ ಎನ್ನುವ ಹಾಗೆ.

"ಯಾವಾಗ ನೆನಪಾತು ನಿಮಗ?"

"ಮರ್ತಿರಲಿಲ್ಲ."

ಆಕೆ ನಿಧಾನವಾಗಿ, ಪ್ರತಿ ಮಾತನ್ನೂ ನಾಲಿಗೆಯಿಂದ ಎತ್ತಿ ಇಡುತ್ತ ಅಂದಳು: "ಐದು ತಿಂಗಳಾತು. ದಿನಾ ಮುಂಜಾನಿ ಲಿಂಗದ ಮುಂದ ಕುಂತು ಮಾಫಿ ಬೇಡಾಕತ್ತೇನಿ. ನನ್ನ ಮೂರ್ಖತನದಿಂದ ಇವರಿಗಿ ಇಷ್ಟ ತ್ರಾಸ ಆತು. ಜಳಕ ಮಾಡಸ್ತಾರ, ಉಣಸ್ತಾರ. ನಂದು ತಪ್ಪಾತು, ಇವರಿಗಿ ಚಲೋ ಇಡು ಅಂತ."

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ರೆಪ್ಪೆ ಬಡಿಯದ ಆ ಮುಕ್ಕಾಲು ತಾಸು, ಮೈ ಜುಮ್ಮೆನ್ನಿಸಿದ ಆ ಪ್ಯಾರಾ. ಆಕೆ ಬೇಡದೆ ಕೂತಿರಲೇ ಇಲ್ಲ. ಒಂದೊಂದು ದಿನವೂ ಬೇಡುತ್ತಲೇ ಕೂತಿದ್ದಳು, ನನ್ನ ತಪ್ಪಿಗೆ, ನನಗಾಗಿ.

"ಅವತ್ತ ಏನ್ ಬರ್ಯಾಕತ್ತಿದ್ರಿ?" ಅಂದಳು.

ಕೈ ತೊಳೆದು ಹೋಗಿ ಹಾಳೆ ತಂದೆ. ಆ ವಾಕ್ಯ ಓದಿದೆ, ಅಲ್ಪವಿರಾಮದ ಮುಂದಿನದೂ. ನಿಲ್ಲಿಸಬಹುದಿತ್ತು. ನಿಲ್ಲಿಸದೆ ಕೊನೆಯ ಭಾಗದ ಆ ಗೃಹಿಣಿಯ ಪ್ಯಾರಾ ಕೂಡ ಓದಿದೆ. ಇಷ್ಟು ಹೇಳಿದ ಮೇಲೆ ಅದೊಂದನ್ನು ಮುಚ್ಚಿಟ್ಟು ಏನು ಉಳಿಸಿಕೊಳ್ಳುವುದಿತ್ತು? ಓದುವಾಗ ನನ್ನ ಕನ್ನಡ ಎಷ್ಟು ಚೆನ್ನಾಗಿದೆ ಅನ್ನುವುದೂ ಕಿವಿಗೆ ಬಿತ್ತು.

"ಈಕಿ ಯಾರು? ನಾನೇನು?"

"ಹೂಂ."

"ನನ್ನ ತಗೀರಿ ಅದರಾಗಿಂದ."

ಅಲ್ಲೇ ಎದುರಿಗೆ ಕೂತು ಫೋನು ಮಾಡಿದೆ. ಪಾಠ ತಿದ್ದಿದವರು ಸಂತೋಷದಿಂದ ಹೇಳಿದರು, "ಅದು ಹ್ವಾದ ವಾರನೇ ಪ್ರಿಂಟಾಗಿ ಬಂತಲ್ರಿ ಸರ. ಕಟ್ಟು ಕಟ್ಟಿ ಕಳಸಾಕತ್ತಾರ." ಫೋನಿನ ದನಿ ದೊಡ್ಡದಿತ್ತು, ನಾನು ಮತ್ತೆ ಹೇಳಬೇಕಾಗಲಿಲ್ಲ. ಆಕೆ ಎಡಗೈಯ ಮಣ್ಣನ್ನು ಗೋಣಿಚೀಲಕ್ಕೆ ಒರೆಸಿದಳು. ಆಮೇಲೆ ತೊಡೆಯ ಮೇಲಿದ್ದ ಬಲಗೈಯನ್ನು ಎತ್ತಿಕೊಂಡು ಅದರ ಬೆರಳುಗಳ ನಡುವಿನ ಮಣ್ಣನ್ನೂ ಒಂದೊಂದಾಗಿ ಒರೆಸಿದಳು. ಒರೆಸಲು ನಾನು ಕೈ ಚಾಚಿದೆ. "ಇರಲಿ," ಅಂದಳು.

ತವರಿಗೆ ಅವತ್ತೇ ಸಂಜೆ ಫೋನು ಮಾಡಿ ಅತ್ತಿಗೆಗೂ ಹೇಳಿದೆ. ಅವರು "ಹಂಗೇನ್ರಿ," ಅಂದು ಫೋನಿಟ್ಟರು. ಅಣ್ಣಾರ ಅನ್ನಲಿಲ್ಲ.

ಅಮವಾಸ್ಯೆಯ ದಿನ ಹಂದಿಯಂಥ ಆ ಒಂದೇ ಎತ್ತಿಗೆ ಪೂಜೆಯಾಯಿತು. ಜೋಳದ ಕಾಳಿನ ಕಣ್ಣು ನಾನೇ ಇಟ್ಟೆ. ಒಂದು ಮೇಲೆ, ಒಂದು ಕೆಳಗೆ. ಅದು ಯಾರನ್ನೂ ನೋಡಲಿಲ್ಲ.

ಮರುದಿನ ಮುಂಜಾನೆ ಆಕೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡವಳು ಎರಡೇ ನಿಮಿಷದಲ್ಲಿ ಗಂಟು ಕಟ್ಟಿದಳು, ಮೊದಲಿನ ಹಾಗೆ. ಬೇಡುವುದು ಮುಗಿಯಿತು ಅಂತಲೋ, ಬೇಡುವುದು ಬಿಟ್ಟಳು ಅಂತಲೋ ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವಿಲ್ಲ. ಆರು ತಿಂಗಳು ಮುಗಿದವು. ಚೆಂಡು ಇನ್ನೂ ಉರುಳಿ ಬೀಳುತ್ತದೆ. ಪಾಠದ ಪುಸ್ತಕದ ಐದು ಪ್ರತಿ ನನಗೂ ಬಂದಿವೆ. ಅಟ್ಟದ ಮೇಲೆ ಇಟ್ಟಿದ್ದೇನೆ, ಬಿಚ್ಚಿಲ್ಲ.

ಜಗಳವಿಲ್ಲ. ಬೇಕಾದಷ್ಟು ಮಾತಾಡುತ್ತಾಳೆ. ಒಂದು ಮಾತ್ರ ಹೊಸದು. ಈಗ ಆಕೆ ಯಾವ ಸಣ್ಣ ವಿಷಯವನ್ನೂ ಹೇಳದೆ ಬಿಡುವುದಿಲ್ಲ. ನಾನು ಯಾವ ಕೆಲಸದಲ್ಲಿದ್ದರೂ ಕಾಲು ಎಳೆಯುತ್ತ ಬಂದು ಆ ಬಾಗಿಲ ಚೌಕಟ್ಟಿಗೆ ಆತು ನಿಂತು ಹೇಳುತ್ತಾಳೆ. ನಾನು ತಲೆ ಎತ್ತುವತನಕ ನಿಲ್ಲುತ್ತಾಳೆ.

"ಗುಳಗಿ ತಗೊಂಡ್ನಿ. ಕೇಳಸ್ತ?"

"ಕೇಳಿಸ್ತು."

"ಖಾಲಾನ ಮನಿಗಿ ಹೋಗಿ ಬರ್ತೇನಿ. ಕೇಳಸ್ತ?"

"ಕೇಳಿಸ್ತು."

ಇವತ್ತು ಮುಂಜಾನೆ ಇದನ್ನು ಬರೆಯುತ್ತ ಕೂತಿದ್ದೆ. ಬಂದು ನಿಂತಳು. ಪೆನ್ನು ಕೆಳಗಿಟ್ಟೆ.

"ಏನೂ ಆಗಿಲ್ಲ," ಅಂದಳು. "ಕೇಳಸ್ತ?"